ಬಣ್ಣಕ್ಕೆ ಮುಂಚಿನ ಗೆರೆ

ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಭಕ್ತರೊಬ್ಬರ ಮನೆಯ ಮಾಳಿಗೆಯ ಮೇಲೆ ಉದ್ದನೆಯದೊಂದು ಕೋಣೆಯಿದೆ. ಕಳೆದ ಶ್ರಾವಣದಲ್ಲಿ ಆ ಕೋಣೆಯ ನೆಲದ ತುಂಬ ಕಂದು ಕಾಗದದ ಹಾಳೆಗಳನ್ನು ಹಾಸಿದ್ದರು. ಫ್ಯಾನಿನ ಗಾಳಿಗೆ ಹಾರದಿರಲೆಂದು ಅಂಚುಗಳ ಮೇಲೆ ಕುಟ್ಟಾಣಿ, ತಾಮ್ರದ ತಂಬಿಗೆ, ಹಳೆಯ ಪುಸ್ತಕಗಳ ಕಟ್ಟು ಮೊದಲಾಗಿ ಕೈಗೆ ಸಿಕ್ಕ ಭಾರದ ವಸ್ತುಗಳನ್ನೆಲ್ಲ ಇರಿಸಲಾಗಿತ್ತು. ಹಾಳೆಗಳಲ್ಲಿ ಇದ್ದಿಲಿನಿಂದ ಬರೆದ ಆಳೆತ್ತರದ ಆಕೃತಿಗಳು. ಬಣ್ಣವಿಲ್ಲ, ಹಿನ್ನೆಲೆಯಿಲ್ಲ, ಕೆಲವಕ್ಕೆ ಮುಖವೂ ಇಲ್ಲ. ಒಂದು ಆಕೃತಿಗೆ ಮೂರು ಕೈಗಳಿದ್ದವು. ಆ ಮನೆಯ ಮೊಮ್ಮಗಳು ಅದನ್ನು ನೋಡಿ, “ಅಜ್ಜಾ, ಈ ದೇವರಿಗೆ ಮೂರು ಕೈ ಯಾಕ?” ಎಂದು ಕೇಳಿದಳು.

ಅದು ದೇವರಲ್ಲ, ನುಲಿಯ ಚಂದಯ್ಯನವರು. ಚಿತ್ರಕಾರರು ಶರಣರ ಬಲಗೈಯನ್ನು ಎರಡು ನಿಲುವುಗಳಲ್ಲಿ ಬರೆದು ನೋಡಿ, ಯಾವುದನ್ನು ಉಳಿಸಬೇಕೆಂಬುದನ್ನು ಇನ್ನೂ ನಿರ್ಧರಿಸಿರಲಿಲ್ಲ. ನಗರದ ಹೊರವಲಯದ ಒಂದು ಪ್ರಾರ್ಥನಾ ಮಂದಿರದ ಗೋಡೆಗೆ ಅನುಭವ ಮಂಟಪದ ಚಿತ್ರ ಬರೆಯಿಸುವ ಸಂಕಲ್ಪ ನಡೆದಿತ್ತು. ಅದರ ಕರಡು ರೇಖೆಗಳನ್ನು ಪರಿಶೀಲಿಸಲೆಂದು ನನ್ನನ್ನು ಕರೆಯಿಸಿದ್ದರು. ಇಂತಹ ಕಾರ್ಯಕ್ಕೆ ನನ್ನಂಥವನನ್ನು ಕರೆಯುವುದು ಸಹಜವೇ. ಮಠದಲ್ಲಿ ಓದಿದವನು, ಶರಣರ ಚರಿತ್ರೆ ಬಲ್ಲವನು ಎಂಬ ಭಾವನೆ ಜನರಲ್ಲಿರುತ್ತದೆ. ಆದರೆ ನಾನು ಒಡನೆಯೇ ಒಪ್ಪಿಕೊಂಡುದಕ್ಕೆ ಬೇರೆಯೊಂದು ಕಾರಣವುಂಟು. ಅದನ್ನು ಮೊದಲು ನಿವೇದಿಸಬೇಕು.

ಸುಮಾರು 20 ವರ್ಷಗಳ ಹಿಂದೆ ಕಮಲಾಪುರದ ಕಡೆಯ ಒಂದು ಊರಿನಲ್ಲಿ ದಾಸೋಹ ಮಂದಿರದ ಗೋಡೆಗೆ ಇಂತಹುದೇ ಚಿತ್ರ ಬರೆಯಿಸಿದ್ದರು. ನಡುವೆ ಶೂನ್ಯಸಿಂಹಾಸನದಲ್ಲಿ ಅಲ್ಲಮಪ್ರಭುಗಳು. ಎಡಕ್ಕೆ ಆರು ಮಂದಿ, ಬಲಕ್ಕೆ ಆರು ಮಂದಿ ಶರಣರು ಇಷ್ಟಲಿಂಗ ಪೂಜಾನಿರತರಾಗಿ ಒಬ್ಬರಿಗೊಬ್ಬರು ಎದುರಾಗಿ ಕುಳಿತಂತೆ ಕಲ್ಪನೆ. ಜಾತ್ರೆ ಹತ್ತಿರ ಬಂದಿತ್ತು, ಕಾಲಾವಕಾಶ ಕಡಿಮೆ. ಕರಡು ನೋಡಲು ನನ್ನನ್ನು ಕರೆದರು. ಆಗ ಒಂದು ಸಾಲಿನ ಕರಡು ಮಾತ್ರ ಸಿದ್ಧವಾಗಿತ್ತು. ಕೆಳಗೆ ಬರೆದ ಹೆಸರುಗಳಲ್ಲಿ ಕಾಗುಣಿತದ ತಪ್ಪುಗಳನ್ನು ನಾನು ಕೆಂಪು ಪೆನ್ನಿನಿಂದ ತಿದ್ದಿದೆನು. ‘ಮಾಚಯ್ಯ’ ಎಂಬಲ್ಲಿ ಒಂದು ಒತ್ತು, ‘ಚೌಡಯ್ಯ’ ಎಂಬಲ್ಲಿ ಒಂದು ದೀರ್ಘ. ಚಹಾ ಕುಡಿದು ಮನೆಗೆ ಬಂದೆನು. ಇನ್ನೊಂದು ಸಾಲಿನ ಆಕೃತಿಗಳನ್ನು ಹೇಗೆ ಬರೆಯುವರೆಂದು ಕೇಳಬೇಕೆಂಬ ಬುದ್ಧಿ ನನಗೆ ಹೊಳೆಯಲಿಲ್ಲ.

ಚಿತ್ರಕಾರರು ಮಾಡಿದುದು ಅವರ ವೃತ್ತಿಯಲ್ಲಿ ಬಳಕೆಯಿರುವ ಉಪಾಯವೇ. ಕರಡು ಹಾಳೆಯ ಗೆರೆಗಳಗುಂಟ ಸೂಜಿಯಿಂದ ಒತ್ತೊತ್ತಾಗಿ ತೂತು ಹೊಡೆದು, ಹಾಳೆಯನ್ನು ಗೋಡೆಗೆ ಹಚ್ಚಿ, ತೆಳುಬಟ್ಟೆಯ ಗಂಟಿನಲ್ಲಿ ಕಟ್ಟಿದ ಇದ್ದಿಲ ಪುಡಿಯನ್ನು ತಟ್ಟಿದರೆ ಗೋಡೆಯ ಮೇಲೆ ಚುಕ್ಕೆಗಳ ಸಾಲು ಮೂಡುತ್ತದೆ. ಈ ತೂತಿನ ಹಾಳೆಯನ್ನು ಖಾಕಾ ಎನ್ನುವರು. ತೂತಿಗೆ ಹಿಂದು ಮುಂದು ಎಂಬುದಿಲ್ಲವಷ್ಟೆ. ಒಂದೇ ಖಾಕಾವನ್ನು ಮಗುಚಿ ಹಾಕಿದರೆ ಎಡಕ್ಕೆ ನೋಡುವ ಆಕೃತಿ ಬಲಕ್ಕೆ ನೋಡುತ್ತದೆ. ಅರ್ಧ ಶ್ರಮ ಉಳಿಯುತ್ತದೆ. ದ್ವಾರಪಾಲಕರನ್ನೂ ನವಿಲುಗಳನ್ನೂ ಆನೆಗಳನ್ನೂ ಹೀಗೆ ಜೋಡಿಯಾಗಿ ಬರೆಯುವುದರಲ್ಲಿ ಯಾವ ಬಾಧಕವೂ ಇಲ್ಲ. ಆದರೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ಬಲಗೈಯಿಂದ ಅರ್ಚಿಸುವ ಶರಣನನ್ನು ಮಗುಚಿದರೆ ಲಿಂಗವು ಬಲ ಅಂಗೈಗೆ ಬರುತ್ತದೆ! ಅನಾವರಣದ ದಿನ ಸ್ವಾಮಿಗಳು ನೋಡಿದರು, ನಾನು ನೋಡಿದೆನು, ಊರ ಹಿರಿಯರೆಲ್ಲ ನೋಡಿದರು, ಯಾರಿಗೂ ಕಾಣಲಿಲ್ಲ. ಪ್ರಸಾದಕ್ಕೆ ಕುಳಿತ ಮುದುಕಿಯೊಬ್ಬಳು ತನ್ನ ಎಡಗೈಯನ್ನೊಮ್ಮೆ ನೋಡಿಕೊಂಡು, ಗೋಡೆಯನ್ನೊಮ್ಮೆ ನೋಡಿ, ಆ ಆರು ಮಂದಿಗೆ ದೀಕ್ಷೆ ಕೊಟ್ಟ ಗುರು ಯಾರೆಂದು ಕೇಳಿದಳು.

ಮಾರನೆಯ ವಾರ ಕೈಗಳನ್ನು ತಿದ್ದಿದರು. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಳಿದುದರಿಂದ ಮಳೆಗಾಲದಲ್ಲಿ ಗೋಡೆ ತೇವವಾದಾಗ ಹಳೆಯ ಕೈ ನೆರಳಿನಂತೆ ಕಾಣಿಸಿಕೊಳ್ಳುತ್ತಿತ್ತು. ತಪ್ಪು ಚಿತ್ರಕಾರರದೆಂದು ಜನರು ಹೇಳಿದರು. ನೋಡಲೆಂದೇ ಕರೆಸಿಕೊಂಡವನು ನಾನು. ಅಕ್ಷರವನ್ನು ನೋಡಿದೆನೇ ಹೊರತು ಗೆರೆಯನ್ನು ನೋಡಲಿಲ್ಲ.

ಆ ಬಳಿಕ ಚಿತ್ರಶಾಸ್ತ್ರವನ್ನು ಕುರಿತು ಓದುವ ಹವ್ಯಾಸ ಬೆಳೆಯಿತು. ಓದುತ್ತ ಹೋದಂತೆ ನಾಚಿಕೆಯೇ ಹೆಚ್ಚಾಯಿತು. ಏಕೆಂದರೆ, ಗೋಡೆಗೆ ಚಿತ್ರ ಬರೆಯುವ ಮುನ್ನ ಆಕೃತಿಯನ್ನು ಹೇಗೆ ಸಿದ್ಧಪಡಿಸಬೇಕೆಂಬುದನ್ನು ವಿವರಿಸುವ ಪ್ರಾಚೀನ ಗ್ರಂಥಗಳಲ್ಲಿ ಅತ್ಯಂತ ವಿಶದವಾದುದೊಂದು ನಮ್ಮ ನೆರೆಯ ಕಲ್ಯಾಣದಲ್ಲಿಯೇ ಹುಟ್ಟಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು, ಸರ್ವಜ್ಞ ಚಕ್ರವರ್ತಿಯೆಂದು ಹೆಸರಾದವನು, 1129ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ಅಣ್ಣನವರು ಕಲ್ಯಾಣಕ್ಕೆ ದಯಮಾಡಿಸುವುದಕ್ಕೆ ಒಂದು ತಲೆಮಾರು ಹಿಂದಿನ ಮಾತು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಲ್ಲಿ ಅಡುಗೆಯಿಂದ ಆನೆಯ ಪಳಗಿಸುವಿಕೆಯವರೆಗೆ ಎಲ್ಲವೂ ಅದರಲ್ಲಿದೆ. ಇದರ ಒಂದು ಭಾಗ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರಿನಲ್ಲಿ ಮೈಸೂರಿನಿಂದ 1926ರಲ್ಲಿ ಅಚ್ಚಾಯಿತು.

ಅಲ್ಲಿನ ಚಿತ್ರಪ್ರಕರಣವನ್ನು ಓದಿದರೆ ರಾಜನು ಸ್ವತಃ ಗೋಡೆಯ ಮುಂದೆ ನಿಂತು ನೋಡಿ ಬರೆದಿರುವನೆಂದೇ ತೋರುತ್ತದೆ. ಮೊದಲು ಗೋಡೆಯನ್ನು ನುಣುಪು ಮಾಡಬೇಕು. ಎಮ್ಮೆಯ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಂತಾಗುವವರೆಗೆ ಕುದಿಸಿ ತೆಗೆದ ವಜ್ರಲೇಪವೆಂಬ ಅಂಟನ್ನು ಬಿಳಿಯ ಮಣ್ಣಿನೊಡನೆ ಬೆರೆಸಿ ಬಳಿಯಬೇಕು. (ಚರ್ಮವೆಂದೊಡನೆ ಮೂಗು ಮುರಿಯುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅನುಭವ ಮಂಟಪದ ಚಿತ್ರದಲ್ಲಿ ಡೋಹರ ಕಕ್ಕಯ್ಯನವರನ್ನು ಯಾವ ಕಾಯಕದವರೆಂದು ಬರೆಯಿಸುವರೋ ಅವರನ್ನೇ ಕೇಳಬೇಕು.) ಗೋಡೆ ಸಿದ್ಧವಾದ ಬಳಿಕವೂ ಬಣ್ಣದ ಮಾತಿಲ್ಲ. ದೀಪದ ಕಾಡಿಗೆಯನ್ನು ಅನ್ನದೊಡನೆ ಅರೆದು ಬತ್ತಿಯಂತೆ ಹೊಸೆದ ‘ವರ್ತಿಕೆ’ಯಿಂದ ಮೊದಲ ಗೆರೆಗಳನ್ನೆಳೆಯಬೇಕು. ಬಿದಿರ ಕಡ್ಡಿಯ ತುದಿಗೆ ತಾಮ್ರದ ಮೊಳೆಯನ್ನು ಸೇರಿಸಿದ ‘ತಿಂದುಕ’ವೆಂಬ ಸಾಧನವಿದೆ, ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಕೂಡಿಸಿದ ಲೇಖನಿಯಿದೆ. ಕಾಡಿಗೆಯ ಗೆರೆ ಒರೆಸಿದರೆ ಹೋಗುವಂಥದು. ಎಳೆಯುವುದು, ನೋಡುವುದು, ಒರೆಸುವುದು, ಮತ್ತೆ ಎಳೆಯುವುದು. ಅದು ಸರಿಯೆನಿಸಿದ ಮೇಲೆ ಜಾಜಿನ ಕೆಂಪು ಗೆರೆ. ಬಣ್ಣದ ಸರದಿ ಅನಂತರ.

ಆಕೃತಿಯ ಲಕ್ಷಣಕ್ಕೆ ಸೋಮೇಶ್ವರನು ಕೊಟ್ಟ ಆಧಾರ ಒಂದು ದಾರ. ಅದರ ಹೆಸರು ಬ್ರಹ್ಮಸೂತ್ರ. ಹಣೆಯ ಮೇಲಿನ ಕೂದಲ ಅಂಚಿನಿಂದ ಹೊರಟು ಹುಬ್ಬುಗಳ ನಡುವೆ, ಮೂಗಿನ ತುದಿ, ಗದ್ದ, ಎದೆ, ನಾಭಿಗಳ ಮೂಲಕ ಎರಡು ಪಾದಗಳ ನಡುವಿಗೆ ಇಳಿಯುವ ನೇರ ಗೆರೆ. ಅದರ ಎರಡೂ ಬದಿಗೆ ಪಕ್ಷಸೂತ್ರಗಳು. ವ್ಯಕ್ತಿಯು ನೋಡುವವನಿಗೆ ನೇರ ಎದುರಾಗಿದ್ದರೆ ಅದು ಋಜುಸ್ಥಾನ. ಆಗ ಪಕ್ಷಸೂತ್ರಗಳು ಎರಡೂ ಕಡೆ ಆರಾರು ಅಂಗುಲ ದೂರದಲ್ಲಿರುತ್ತವೆ. ಮುಖ ಹೊರಳಿದಂತೆ ಒಂದು ಬದಿ ಕಿರಿದಾಗುತ್ತ, ಇನ್ನೊಂದು ಹಿರಿದಾಗುತ್ತ ಹೋಗುತ್ತದೆ. ಪೂರ್ಣ ಹೊರಳಿ ಒಂದೇ ಕಣ್ಣು ಕಾಣುವುದು ಭಿತ್ತಿಕಸ್ಥಾನ. ನಡುವೆ ಮೂರು ಸ್ಥಾನಗಳುಂಟು. ದೇಹ ಎಷ್ಟು ಹೊರಳಿದೆಯೆಂಬುದನ್ನು ಅಂಗುಲದಲ್ಲಿ ಅಳೆದಿಟ್ಟ ಈ ಕ್ರಮವನ್ನು ಖೂಬಾ ಪ್ಲಾಟಿನ ಚಿತ್ರಕಾರರಿಗೆ ಹೇಳಿದಾಗ ಅವರು ನಕ್ಕು, ತಮ್ಮ ಜೇಬಿನಿಂದ ತೂಕದ ಗುಂಡು ಕಟ್ಟಿದ ನೂಲನ್ನು ತೆಗೆದು ತೋರಿಸಿದರು. ಅವರು ‘ಮಾನಸೋಲ್ಲಾಸ’ವನ್ನು ಓದಿದವರಲ್ಲ, ಗುರುವಿನಿಂದ ಕಲಿತವರು.

ಸೋಮೇಶ್ವರನು ಚಿತ್ರಗಳಲ್ಲಿ ವಿದ್ಧ, ಅವಿದ್ಧ ಎಂಬ ಭೇದಗಳನ್ನು ಹೇಳುತ್ತಾನೆ. ಕನ್ನಡಿಯ ಪ್ರತಿಬಿಂಬದಂತೆ ಇದ್ದವರನ್ನು ಇದ್ದಂತೆಯೇ ಬರೆಯುವುದು ವಿದ್ಧ; ಸಾದೃಶ್ಯದ ಹಂಗಿಲ್ಲದೆ ಆಕಾರವನ್ನು ಮಾತ್ರ ಸಾಧಿಸುವುದು ಅವಿದ್ಧ. ನಮ್ಮ ತೊಡಕಿನ ಮೂಲ ಇಲ್ಲಿದೆ. ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ದಸರಾ ಮೆರವಣಿಗೆಯ 26 ಫಲಕಗಳನ್ನು ಬರೆದ ಕಲಾವಿದರಿಗೆ ಮುಂದೆ ಛಾಯಾಚಿತ್ರಗಳಿದ್ದವು. ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ವಿಜಯನಗರದ ಅಚ್ಯುತರಾಯನ ಕಾಲದ ಕಲಾವಿದರು ಮಾಳಿಗೆಯ ಮೇಲೆ ವಿರೂಪಣ್ಣನನ್ನೂ ಅವನ ಸಹೋದರನನ್ನೂ ಎತ್ತರದ ಕುಲಾವಿಗಳೊಡನೆ ಬರೆದಾಗ ಆ ಮಹನೀಯರು ಕಣ್ಣೆದುರಿಗಿದ್ದವರೇ. ಅಲ್ಲಿ ಬಣ್ಣ ಮಂಕಾದೆಡೆಯಲ್ಲಿಯೂ ಕಪ್ಪು ರೇಖೆಯೇ ಆಕೃತಿಯನ್ನು ಹಿಡಿದು ನಿಲ್ಲಿಸಿದೆ. ಕಲ್ಯಾಣದ ಶರಣರನ್ನಾದರೋ ಕಂಡು ಬರೆದ ಚಿತ್ರ ಒಂದೂ ನಮಗೆ ಉಳಿದು ಬಂದಿಲ್ಲ. ಹೀಗಿರುವಾಗ ಮುಖ ಎಲ್ಲಿಂದ ತರಬೇಕು?

ಹೆಚ್ಚಿನ ಚಿತ್ರಗಳಲ್ಲಿ ಇದಕ್ಕೆ ದೊರೆತಿರುವ ಉತ್ತರ ಬಹಳ ಸುಲಭದ್ದು. ಎಲ್ಲರಿಗೂ ಒಂದೇ ಮುಖ! ಬಿಳಿಯ ಗಡ್ಡ, ವಿಭೂತಿಯ ಮೂರು ಗೆರೆ, ರುದ್ರಾಕ್ಷಿಯ ಮಾಲೆ, ಕಾವಿಯ ಹೊದಿಕೆ. ಕೆಳಗಿನ ಹೆಸರನ್ನು ಕೈಯಿಂದ ಮುಚ್ಚಿದರೆ ಅಂಬಿಗರ ಚೌಡಯ್ಯ ಯಾರು, ಮಡಿವಾಳ ಮಾಚಯ್ಯ ಯಾರು, ಮೇದಾರ ಕೇತಯ್ಯ ಯಾರು ಎಂದು ತಿಳಿಯದು. 2024ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅನುಭವ ಮಂಟಪದ ಬೃಹತ್ ತೈಲಚಿತ್ರ ಅನಾವರಣಗೊಂಡ ಬಳಿಕ ಇಂತಹ ಚಿತ್ರಗಳ ಬೇಡಿಕೆ ಊರೂರಲ್ಲಿ ಹೆಚ್ಚಿದೆ. ಸಂತೋಷದ ಸಂಗತಿಯೇ ಸರಿ. ಆದರೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, ಇದರಂತೆಯೇ ಬೇಕು, ಮುಂದಿನ ಅಮಾವಾಸ್ಯೆಯೊಳಗೆ ಬೇಕು ಎನ್ನುವವರೂ ಹೆಚ್ಚಿದ್ದಾರೆ. ಅವರಿಗೆ ಚಿತ್ರಕಾರರು ಬೇಕಾಗಿಲ್ಲ. ಫ್ಲೆಕ್ಸ್ ಅಚ್ಚು ಹಾಕುವ ಅಂಗಡಿ ಸಾಕು.

ಖೂಬಾ ಪ್ಲಾಟಿನ ಕೋಣೆಯಲ್ಲಿ ನಾನು ಕಂಡುದು ಬೇರೆಯ ಬಗೆ. ಮುಖ ದೊರೆಯದಿದ್ದರೇನಾಯಿತು, ಶರಣರ ಕಾಯಕವು ನಮಗೆ ಗೊತ್ತಿದೆ. ಕಾಯಕವು ದೇಹವನ್ನು ರೂಪಿಸಿಯೇ ರೂಪಿಸುತ್ತದೆ ಎಂಬುದು ಆ ಚಿತ್ರಕಾರರ ವಿಚಾರ. ಹುಟ್ಟು ಹಾಕುವವನ ಹೆಗಲು ಬೇರೆ, ಬಿದಿರು ಸೀಳುವವನ ಹೆಬ್ಬೆರಳು ಬೇರೆ. ಕದಿರ ರೆಮ್ಮವ್ವೆ ನೂಲು ತೆಗೆಯುವಾಗ ಒಂದು ಕೈ ರಾಟೆಯ ಬಳಿ, ಇನ್ನೊಂದು ದೂರಕ್ಕೆ ಚಾಚಿರುತ್ತದೆ. ಆಯ್ದಕ್ಕಿ ಮಾರಯ್ಯ ಬಾಗಿದವರು, ಲಕ್ಕಮ್ಮ ನೆಟ್ಟಗೆ ನಿಂತವರು; ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಿರುಗಿಸಲು ಹೇಳಿದ ತಾಯಿ ಅವಳು, ತಲೆ ತಗ್ಗಿಸಿ ನಿಲ್ಲಿಸಿದರೆ ಕಥೆಯೇ ಸುಳ್ಳಾಗುತ್ತದೆ. ಇವನ್ನೆಲ್ಲ ಅವರು ಸಂತೆಯಲ್ಲಿ, ಕೆರೆಯ ದಂಡೆಯಲ್ಲಿ, ಮೇದಾರರ ಓಣಿಯಲ್ಲಿ ಕುಳಿತು ಸಣ್ಣ ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದರು. ಹೀಗೆ ಬದುಕಿರುವವರನ್ನು ಕೂಡಿಸಿಕೊಂಡು ಬರೆಯುವ ಅಭ್ಯಾಸ ಕಲಬುರಗಿಗೆ ಹೊಸತಲ್ಲ. 1916ರಲ್ಲಿ ಇದೇ ಊರಲ್ಲಿ ಹುಟ್ಟಿ, ಶಂಕರರಾವ್ ಆಳಂದಕರರಲ್ಲಿ ಮೊದಲ ಪಾಠ ಕಲಿತು, ಮದರಾಸು, ಮುಂಬಯಿಗಳ ಕಲಾಶಾಲೆಗಳಲ್ಲಿ ನುರಿತು ಬಂದ ಎಸ್. ಎಂ. ಪಂಡಿತರ ಪುರಾಣಪುರುಷರು ಕ್ಯಾಲೆಂಡರುಗಳ ಮೂಲಕ ಮನೆಮನೆಗೂ ಬಂದುದು ಎಲ್ಲರಿಗೂ ವಿದಿತವೇ. ಆ ದೇವತೆಗಳ ಮೈಕಟ್ಟಿಗೆ ಇಷ್ಟು ನಂಬಿಕೆ ಬರುವುದು ಅದರ ಹಿಂದಿನ ದೇಹಾಧ್ಯಯನದಿಂದ.

ನುಲಿಯ ಚಂದಯ್ಯನವರ ಮೂರನೆಯ ಕೈಗೆ ಬರೋಣ. ಹಗ್ಗ ಹೊಸೆಯುವಾಗ ಎರಡು ಎಳೆಗಳನ್ನು ಒಂದು ದಿಕ್ಕಿಗೆ ತಿರುವಿ, ಅವೆರಡನ್ನೂ ಕೂಡಿಸಿ ಎದುರು ದಿಕ್ಕಿಗೆ ಸುತ್ತಬೇಕು. ಹಾಗಾದರೆ ಮಾತ್ರ ಬಿಚ್ಚಿಕೊಳ್ಳುವುದಿಲ್ಲ. ಮೊದಲು ಬರೆದ ಕೈ ಶಾಂತವಾಗಿ, ಸುಂದರವಾಗಿತ್ತು. ಆದರೆ ಆ ಕೈಯಿಂದ ಹಗ್ಗವಾಗದು. ಚಿತ್ರಕಾರರು ಹಳೆಯ ಹಗ್ಗಗಾರರೊಬ್ಬರನ್ನು ಕರೆತಂದು ಹಾಳೆಯ ಮುಂದೆ ಕೂರಿಸಿದರು. ಅವರು ಗೆರೆಯನ್ನು ನೋಡಿದವರೇ, ಬಲ ಅಂಗೈ ಮುಂದಕ್ಕೆ ಹೋಗಬೇಕು, ಮೊಣಕೈ ಏಳಬೇಕು ಎಂದು ತಮ್ಮ ಕೈಯಿಂದಲೇ ತೋರಿಸಿದರು. ಎರಡನೆಯ ಬಲಗೈ ಅವರದು. ಅದು ಮೊದಲಿನಷ್ಟು ಅಂದವಾಗಿರಲಿಲ್ಲ. ಮಂದಿರದ ಪದಾಧಿಕಾರಿಗಳಿಬ್ಬರು ಮೊದಲಿನದೇ ಇರಲಿ, ಶರಣರು ಪ್ರಸನ್ನರಾಗಿ ಕಾಣಬೇಕು ಎಂದರು. ಅರ್ಧ ದಿನ ಚರ್ಚೆ ನಡೆಯಿತು. ಹುಲ್ಲು ಕೊಯ್ಯುವಾಗ ಲಿಂಗ ಜಾರಿ ಬಿದ್ದರೂ ಕಾಯಕವನ್ನು ಬಿಡದೆ, ಕಡೆಗೆ ಲಿಂಗದೇವನನ್ನೇ ಹಗ್ಗ ಮಾರಲು ಹಚ್ಚಿದರೆಂಬ ಐತಿಹ್ಯವಿರುವ ಶರಣರಿಗೆ ಹಗ್ಗ ಹೊಸೆಯಲು ಬಾರದ ಕೈ ಕೊಡುವುದೇ ಎಂದು ನಾನು ಕೇಳಬೇಕಾಯಿತು. ಎರಡನೆಯ ಕೈ ಉಳಿಯಿತು.

ಸೊನ್ನಲಿಗೆಯ ಸಿದ್ಧರಾಮರ ವಿಷಯದಲ್ಲಿ ಮಾತ್ರ ಚಿತ್ರಕಾರರು ನನ್ನನ್ನೇ ಇಕ್ಕಟ್ಟಿಗೆ ಸಿಲುಕಿಸಿದರು. ಅವರ ಎದೆಯ ಮೇಲೆ ಇಷ್ಟಲಿಂಗದ ಕರಡಿಗೆ ಬರೆಯಬೇಕೋ ಬೇಡವೋ? ‘ಶೂನ್ಯಸಂಪಾದನೆ’ಯ ಪ್ರಕಾರ ಅವರು ಅಲ್ಲಮಪ್ರಭುಗಳೊಡನೆ ಕಲ್ಯಾಣಕ್ಕೆ ಬಂದ ಬಳಿಕ ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದವರು. ಹಾಗಾದರೆ ಈ ಚಿತ್ರ ಯಾವ ದಿನದ್ದು? ದೀಕ್ಷೆಗೆ ಮುಂಚಿನದೋ, ಅನಂತರದ್ದೋ? ಅಕ್ಕಮಹಾದೇವಿಯವರೂ ಸಿದ್ಧರಾಮರೂ ಎಲ್ಲ ಶರಣರೂ ಒಂದೇ ದಿನ ಒಂದೇ ಮಂಟಪದಲ್ಲಿ ಕುಳಿತಿದ್ದರೆಂಬುದು ಚಿತ್ರದ ಅನುಕೂಲಕ್ಕೆ ನಾವು ಮಾಡಿಕೊಂಡ ಕಲ್ಪನೆಯಷ್ಟೆ. ನಲವತ್ತು ವರ್ಷ ಆ ಗ್ರಂಥವನ್ನು ಪಾಠ ಹೇಳಿದ ನನಗೆ ಈ ಪ್ರಶ್ನೆ ಎಂದೂ ಎದುರಾಗಿರಲಿಲ್ಲ. ಮಾತಿನಲ್ಲಿ ತೇಲಿಸಿ ಹೋಗಬಹುದಾದುದನ್ನು ಗೆರೆಯಲ್ಲಿ ತೇಲಿಸಲು ಬರುವುದಿಲ್ಲ. ಕಡೆಗೆ ಕರಡಿಗೆ ಬರೆಯುವುದೆಂದು ತೀರ್ಮಾನವಾಯಿತು.

ತತ್ತ್ವಜ್ಞರ ಸಭೆಯನ್ನು ಗೋಡೆಗೆ ತರುವ ಕಷ್ಟ ನಮಗಷ್ಟೇ ಬಂದುದಲ್ಲ. ಇಟಲಿಯ ರಾಫೇಲನು 1509ರ ಸುಮಾರಿಗೆ ರೋಮಿನ ಪೋಪರ ಅರಮನೆಯ ಗೋಡೆಗೆ ಗ್ರೀಕ್ ತತ್ತ್ವಜ್ಞಾನಿಗಳ ಸಭೆಯನ್ನು ಬರೆದನಷ್ಟೆ. ಅದರ ಪೂರ್ಣ ಗಾತ್ರದ ಕರಡು ಇಂದಿಗೂ ಮಿಲಾನಿನ ಅಂಬ್ರೋಸಿಯಾನಾ ಸಂಗ್ರಹಾಲಯದಲ್ಲಿದೆ. 8 ಮೀಟರ್ ಉದ್ದ, ಮೂರು ಮೀಟರಿಗೆ ತುಸು ಕಡಿಮೆ ಎತ್ತರ, ಬಹು ಹಾಳೆಗಳನ್ನು ಅಂಟಿಸಿದ್ದು, ಸೂಜಿಯ ತೂತುಗಳಿರುವುದು. ಗೋಡೆಯ ಮೇಲೆ ಮುಂಭಾಗದಲ್ಲಿ ಗಲ್ಲಕ್ಕೆ ಕೈಯಿಟ್ಟು ಕುಳಿತ ಒಬ್ಬ ಚಿಂತಕನಿದ್ದಾನೆ, ಕರಡಿನಲ್ಲಿ ಅವನಿಲ್ಲ. ಗೋಡೆಯೇರಿದ ಬಳಿಕವೂ ಆ ಮಹಾಕಲಾವಿದನ ವಿಚಾರ ಮುಗಿದಿರಲಿಲ್ಲವೆಂದಾಯಿತು. ಅದೇ ರಾಫೇಲನು ಮುಂದೆ ನೇಯ್ಗೆಯ ಪರದೆಗಳಿಗೆ ಕರಡು ಬರೆದಾಗ, ನೇಕಾರರು ಹಿಂಬದಿಯಿಂದ ನೇಯುವುದರಿಂದ ಚಿತ್ರ ಎಡಬಲವಾಗುವುದೆಂದು ಮೊದಲೇ ಲೆಕ್ಕ ಹಾಕಿ, ಬಲಗೈಯಲ್ಲಿ ಕಾಣಬೇಕಾದ ಸನ್ನೆಯನ್ನು ಎಡಗೈಗೆ ಬರೆದನು. ಇದನ್ನು ಓದಿದ ದಿನ ಕಮಲಾಪುರದ ಕಡೆಯ ಆ ಆರು ಮಂದಿ ಶರಣರ ನೆನಪಾಗಿ ನನಗೆ ನಿದ್ದೆ ಬರಲಿಲ್ಲ.

ಇಷ್ಟಲಿಂಗನಿಷ್ಠರಾದ ನಮಗೆ ಗೋಡೆಯ ಚಿತ್ರವೇಕೆ, ಇದು ಮತ್ತೆ ಸ್ಥಾವರದ ದಾರಿಯಲ್ಲವೆ ಎಂದು ಕೇಳುವ ಹಿರಿಯರಿದ್ದಾರೆ. ಅವರ ಆತಂಕ ನಿರಾಧಾರವಲ್ಲ. ನಾನು ಓದಿದ ಮಠದಲ್ಲಿ ಗೋಡೆಯ ಚಿತ್ರಕ್ಕೆ ಹೂವೇರಿಸಲು, ಊದಿನಕಡ್ಡಿ ಹಚ್ಚಲು ಬಿಡುತ್ತಿರಲಿಲ್ಲ. ಪೂಜೆ ಕರಸ್ಥಲದಲ್ಲಿ, ಚಿತ್ರ ಮಕ್ಕಳ ತಿಳಿವಳಿಕೆಗೆ. ಆ ಎಚ್ಚರವಿರುವ ತನಕ ಚಿತ್ರದಿಂದ ಹಾನಿಯಿಲ್ಲವೆಂದು ನನ್ನ ಅಭಿಪ್ರಾಯ. ಹಾನಿಯಿರುವುದು ತಪ್ಪು ಚಿತ್ರದಿಂದ. ಏಕೆಂದರೆ ಪುಸ್ತಕವನ್ನು ಹತ್ತು ಜನ ಓದಿದರೆ ಗೋಡೆಯನ್ನು ಊರೇ ಓದುತ್ತದೆ.

ಆದಕಾರಣ ಮನೆಗೋ ಮಂದಿರಕ್ಕೋ ಚಿತ್ರ ಬರೆಯಿಸುವ ಭಕ್ತರು ಕರಡನ್ನು ಬೇಡಿ ಪಡೆದು ನೋಡಬೇಕು. ಅದಕ್ಕೆ ತಗಲುವ ತಿಂಗಳನ್ನೂ ಹಣವನ್ನೂ ಚಿತ್ರಕಾರರಿಗೆ ಪ್ರತ್ಯೇಕವಾಗಿ ಕೊಡಬೇಕು. ಗೆರೆಯ ಕೆಲಸಕ್ಕೆ ಕೂಲಿಯಿಲ್ಲ, ಬಣ್ಣ ಬಿದ್ದ ಮೇಲಷ್ಟೇ ಹಣ ಎಂಬ ಪದ್ಧತಿಯಿಂದಲೇ ಆತುರ ಹುಟ್ಟುತ್ತದೆ. ಕರಡನ್ನು ವಿದ್ವಾಂಸರಿಗೆ ಮಾತ್ರ ತೋರಿಸಬಾರದು. ದಿನಾಲೂ ಲಿಂಗಪೂಜೆ ಮಾಡುವ ತಾಯಂದಿರಿಗೂ ಕೈಕೆಲಸ ಬಲ್ಲವರಿಗೂ ತೋರಿಸಬೇಕು. ಪೂಜೆಯ ಆಕೃತಿಯಿದ್ದರೆ ಕಣ್ಣಿನಿಂದ ಕರಸ್ಥಲದವರೆಗೆ ನೂಲು ಹಿಡಿದು ನೋಡಿರಿ. ಎಷ್ಟೋ ಚಿತ್ರಗಳಲ್ಲಿ ಶರಣರ ದೃಷ್ಟಿ ಲಿಂಗದ ಮೇಲಿರದೆ ನೋಡುವವರ ಮೇಲಿರುತ್ತದೆ.

ಖೂಬಾ ಪ್ಲಾಟಿನ ಹಾಳೆಗಳು ಕಾರ್ತಿಕದಲ್ಲಿ ಮಂದಿರಕ್ಕೆ ಹೋದವು. ಪ್ರತಿಯೊಂದು ಹಾಳೆಯ ಮೂಲೆಯಲ್ಲಿ ‘ಮೇಲೆ’, ‘ಎಡ’, ‘ಈ ಮುಖ ಹೊರಗೆ’ ಎಂದು ದಪ್ಪ ಅಕ್ಷರದಲ್ಲಿ ಬರೆದವನು ನಾನೇ. ಈ ಬಾರಿ ಕಾಗುಣಿತ ನೋಡಿದುದು ಅಷ್ಟಕ್ಕೆ ಮಾತ್ರ. ಬಲಸಾಲಿನ ಶರಣರಿಗೆಂದು ಬೇರೆಯೇ ಖಾಕಾಗಳನ್ನು ಬರೆಯಿಸಿದ್ದೆವು. ಇದ್ದಿಲ ಪುಡಿ ತಟ್ಟಿ ಹಾಳೆ ತೆಗೆದಾಗ ಬಿಳಿಯ ಗೋಡೆಯ ಮೇಲೆ ಚುಕ್ಕೆಗಳ ಸಾಲುಗಳಷ್ಟೇ ಇದ್ದವು. ಮೊಮ್ಮಗಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಒಬ್ಬೊಬ್ಬರ ಕೈಗಳನ್ನೂ ಬೆರಳಿನಿಂದ ಎಣಿಸುತ್ತ ಗೋಡೆಯಗುಂಟ ನಡೆದಳು. ಮುಟ್ಟಬೇಡ, ಪುಡಿ ಉದುರುತ್ತದೆ ಎಂದು ಚಿತ್ರಕಾರರು ಏಣಿಯ ಮೇಲಿನಿಂದ ಕೂಗಿದರು.